ಬ್ಯಾಕಿಂಗ್ ಟ್ರ್ಯಾಕ್ ಜೊತೆ ಗಿಟಾರ್ ನುಡಿಸೋಕೆ ಎಂಥ ಕಂಪ್ಯೂಟರ್ ಸ್ಪೀಕರ್ ತಗೊಳ್ಳಲಿ?

ಪ್ರಶ್ನೆ: ಎಲ್ಲರಿಗೂ ನಮಸ್ಕಾರ. ಗುಂಪಿನಲ್ಲಿರುವ ಸೌಂಡ್ ಎಂಜಿನಿಯರ್ ಸರ್‌ಗೆ ಒಂದು ಪ್ರಶ್ನೆ. ನನ್ನ ಹತ್ತಿರ ಸ್ಟ್ರಾಟ್ ಮಾದರಿಯ ಎಲೆಕ್ಟ್ರಿಕ್ ಗಿಟಾರ್ ಇದೆ, ತಂತಿಯ ಕಂಪನ ಹಿಡಿಯುವ ಮೂರು ಸಿಂಗಲ್ ಕಾಯಿಲ್ ಪಿಕಪ್. ಆಂಪ್ (ಗಿಟಾರ್ ಸದ್ದು ಏರಿಸುವ ಪೆಟ್ಟಿಗೆ) ಇಲ್ಲ. ಮೈಸೂರಿನಲ್ಲಿ ಬಾಡಿಗೆ ಮನೆ. ಮೇಲೆ ನಾವು, ಕೆಳಗೆ ಓನರ್. ರಾತ್ರಿ ಒಂದು ಗಂಟೆ ಕಾಲ ಲ್ಯಾಪ್‌ಟಾಪ್‌ನಲ್ಲಿ ಬ್ಲೂಸ್ ಬ್ಯಾಕಿಂಗ್ ಟ್ರ್ಯಾಕ್ (ಉಳಿದ ವಾದ್ಯಗಳಷ್ಟೇ ಇರುವ ಸಂಗೀತ) ಹಾಕಿಕೊಂಡು ನುಡಿಸುತ್ತೇನೆ.

ಈಗಿರುವುದು ಹಳೇ 2.1 ಸೆಟ್. ಮೇಜಿನ ಮೇಲೆ ಎರಡು ಪುಟ್ಟ ಡಬ್ಬಿ, ಕೆಳಗೆ ಒಂದು ಸಬ್‌ವೂಫರ್. ಗಿಟಾರ್ ಕೇಬಲ್‌ಗೆ ಕನ್ವರ್ಟರ್ ಪಿನ್ ಹಾಕಿ ಲ್ಯಾಪ್‌ಟಾಪ್‌ನ ಮೈಕ್ ಸಾಕೆಟ್‌ಗೆ ಚುಚ್ಚುತ್ತೇನೆ. ಟ್ರ್ಯಾಕ್ ಚೆನ್ನಾಗಿಯೇ ಕೇಳುತ್ತದೆ, ಕೆಡುವುದು ಗಿಟಾರ್ ಮಾತ್ರ. ಆಂಪ್ ಸಾಫ್ಟ್‌ವೇರ್‌ನಲ್ಲಿ ಡಿಸ್ಟಾರ್ಷನ್ (ಸದ್ದನ್ನು ಒರಟಾಗಿಸುವ ಎಫೆಕ್ಟ್) ಹಾಕಿದರೆ ಸೊಳ್ಳೆ ಬ್ಯಾಟ್ ಥರ ಚಿರಚಿರ ಅನ್ನುತ್ತದೆ. ಕ್ಲೀನ್ ಇಟ್ಟರೆ ದಪ್ಪ ತಂತಿ ಗುಮ್ಮೆನ್ನುತ್ತದೆ, ತೆಳು ತಂತಿ ಮಂಕು. ವಾಲ್ಯೂಮ್ ಏರಿಸಿದರೆ ಸದ್ದು ಒಡೆಯುತ್ತದೆ. ಮೀಟಿದ ಮೇಲೆ ಒಂಚೂರು ತಡವಾಗಿ ಬಂದ ಹಾಗೂ ಅನ್ನಿಸುತ್ತದೆ. 15 ಸಾವಿರ ಎತ್ತಿಟ್ಟಿದ್ದೇನೆ. ಅಂಗಡಿಯವರು ಇನ್ನೂ ದೊಡ್ಡ ಸಬ್‌ವೂಫರ್ ಇರುವ ಸೆಟ್ ತೋರಿಸಿದರು. ತಗೊಳ್ಳಲಾ?

ಉತ್ತರ: ಬೇಡ. ನೀವು ಹೇಳಿದ ತೊಂದರೆಗಳಲ್ಲಿ ಸ್ಪೀಕರ್‌ನದ್ದು ಅರ್ಧ ಕೂಡ ಇಲ್ಲ. ದುಡ್ಡೆಲ್ಲ ಸ್ಪೀಕರ್‌ಗೇ ಸುರಿದರೆ ಅದೇ ಸೊಳ್ಳೆ ಬ್ಯಾಟ್ ಇನ್ನೂ ಜೋರಾಗಿ ಕೇಳುತ್ತದೆ, ಅಷ್ಟೆ.

ಮೊದಲು ಆ ಮೈಕ್ ಸಾಕೆಟ್. ಗಿಟಾರ್ ಪಿಕಪ್‌ಗೆ ಎದುರುಗಡೆ ಸುಮಾರು 10 ಲಕ್ಷ ಓಮ್, ಅಂದರೆ 1 ಮೆಗಾಓಮ್ ಇನ್‌ಪುಟ್ ಬೇಕು. ಆಂಪ್‌ಗಳಲ್ಲಿ ಇರುವುದು ಅದೇ. ಲ್ಯಾಪ್‌ಟಾಪ್ ಮೈಕ್ ಸಾಕೆಟ್‌ನಲ್ಲಿ ಕೆಲವೇ ಸಾವಿರ ಓಮ್ ಇರುತ್ತದೆ. ಅಲ್ಲಿ ಪಿಕಪ್ ಸುಸ್ತಾಗಿ ಹೋಗುತ್ತದೆ, ಮೇಲಿನ ಸ್ವರಗಳ ಹೊಳಪು ಮೊದಲು ಸಾಯುತ್ತದೆ. ನಿಮ್ಮ ತೆಳು ತಂತಿ ಮಂಕಾಗಿರುವುದು ಅದಕ್ಕೇ. ಗಿಟಾರ್ ಸದ್ದನ್ನು ಲ್ಯಾಪ್‌ಟಾಪ್‌ಗೆ ಒಯ್ಯುವ ಯುಎಸ್‌ಬಿ ಆಡಿಯೋ ಇಂಟರ್‌ಫೇಸ್ ಡಬ್ಬಿ ಒಂದು ಬೇಕು, ಅದರ ಮೇಲೆ ‘ಇನ್‌ಸ್ಟ್ರುಮೆಂಟ್’ ಅಥವಾ ‘ಹೈ-ಝಡ್’ ಅಂತ ಬರೆದ ಇನ್‌ಪುಟ್ ಇರಲೇಬೇಕು. ನಿಮ್ಮ 15 ಸಾವಿರದಲ್ಲಿ ಮೊದಲ ಪಾಲು ಅದರದ್ದು.

ಎರಡನೆಯದು ಚಿರಚಿರ. ಗಿಟಾರ್ ಆಂಪ್‌ನ 12 ಇಂಚಿನ ಸ್ಪೀಕರ್‌ಗೆ ಟ್ವೀಟರ್, ಅಂದರೆ ಚೂಪು ಸದ್ದಿಗೆಂದೇ ಇರುವ ಪುಟ್ಟ ಸ್ಪೀಕರ್, ಇರುವುದಿಲ್ಲ. ಸುಮಾರು 5,000 ಹರ್ಟ್ಜ್ ದಾಟಿದರೆ ಅದರ ಸದ್ದು ಬೇಗ ಬೇಗ ಇಳಿದುಹೋಗುತ್ತದೆ. ಡಿಸ್ಟಾರ್ಷನ್ ಹುಟ್ಟಿಸುವ ಚೂಪು ಸದ್ದನ್ನೆಲ್ಲ ಆ ಸ್ಪೀಕರ್ ಸೋಸಿ ಬಿಡುತ್ತದೆ. ಕಂಪ್ಯೂಟರ್ ಸ್ಪೀಕರ್ ಹಾಗೆ ಸೋಸುವುದಿಲ್ಲ, ಎಲ್ಲವನ್ನೂ ತಂದು ಕಿವಿಗೆ ಹಾಕುತ್ತದೆ. ಅದಕ್ಕೆ ಮದ್ದು ಸಾಫ್ಟ್‌ವೇರ್‌ನಲ್ಲಿ ಇದೆ, ಹೆಸರು ಕ್ಯಾಬ್ ಸಿಮ್ಯುಲೇಷನ್, ಅಂದರೆ ಆಂಪ್‌ನ ಸ್ಪೀಕರ್ ಪೆಟ್ಟಿಗೆಯ (ಕ್ಯಾಬಿನೆಟ್) ನಕಲು. ಆಂಪ್ ಸಾಫ್ಟ್‌ವೇರ್‌ನಲ್ಲಿ ಡಿಸ್ಟಾರ್ಷನ್ ಪೆಡಲ್ ಮಾತ್ರ ಆನ್ ಮಾಡಿ ಕ್ಯಾಬಿನೆಟ್ ಆಫ್ ಇಟ್ಟುಕೊಂಡವರನ್ನು ಬಹಳ ಜನ ನೋಡಿದ್ದೇನೆ. ನಿಮ್ಮದೂ ಹಾಗೇ ಇರಬೇಕು, ಒಮ್ಮೆ ನೋಡಿ. ಆಂಪ್ ಸಾಫ್ಟ್‌ವೇರ್‌ಗಳಲ್ಲಿ ನ್ಯೂರಲ್ ಆಂಪ್ ಮಾಡೆಲರ್ ಉಚಿತ, ಗಿಟಾರ್ ರಿಗ್‌ನಲ್ಲೂ ಉಚಿತ ಆವೃತ್ತಿ ಇದೆ. ಇದಕ್ಕೆ ಒಂದು ರೂಪಾಯಿ ಖರ್ಚಿಲ್ಲ.

ಈಗ ಸ್ಪೀಕರ್‌ಗೆ ಬರೋಣ. ನಿಮ್ಮ ದಪ್ಪ ತಂತಿ, ಅಂದರೆ ಲೋ ಇ, ಖಾಲಿ ಮೀಟಿದಾಗ 82 ಹರ್ಟ್ಜ್. ಪಕ್ಕದ ಎ 110, ಅದರ ಪಕ್ಕದ ಡಿ 147. 2.1 ಸೆಟ್‌ನ ಪುಟ್ಟ ಡಬ್ಬಿಗಳಿಗೆ ಇಷ್ಟು ಕೆಳಗಿನ ಸ್ವರ ಹಿಡಿಸುವುದಿಲ್ಲ, ಅದನ್ನು ಕೆಳಗಿನ ಸಬ್‌ವೂಫರ್‌ಗೆ ದಾಟಿಸುತ್ತವೆ. ಹಾಗಾಗಿ ನೀವು ಒಂದು ಇ ಕಾರ್ಡ್ ಹೊಡೆದರೆ ಅರ್ಧ ಕಾಲಬುಡದಿಂದ, ಅರ್ಧ ಮೇಜಿನ ಮೇಲಿಂದ ಬರುತ್ತದೆ. ಸಿನಿಮಾ ನೋಡೋಕೆ ಇದು ಮಜಾ, ಗಿಟಾರ್‌ಗೆ ಮಾತ್ರ ಕೆಡುಕು. ಜೊತೆಗೆ ಸಬ್‌ವೂಫರ್ ನೆಲದ ಮೇಲೆ ಕೂತಿದೆ, ಆ ನೆಲ ಓನರ್‌ಗೆ ಸೂರು.

ನಿಮಗೆ ಬೇಕಾದ್ದು 2.0, ಅಂದರೆ ಸಬ್‌ವೂಫರ್ ಇಲ್ಲದ ಎರಡೇ ಪೆಟ್ಟಿಗೆ, ಒಳಗೇ ಆಂಪ್ಲಿಫೈಯರ್ ಇರುವಂಥದ್ದು. ವೂಫರ್ ಮೂರೂವರೆಯಿಂದ 5 ಇಂಚು, ಮೇಲೆ ಬೇರೆ ಟ್ವೀಟರ್. ಪ್ರೀಸೋನಸ್ ಎರಿಸ್ 3.5, ಎಡಿಫೈಯರ್ ಆರ್1280ಟಿ ಎಲ್ಲ ಈ ಜಾತಿಯವು. ಇವುಗಳೇ ಆಗಬೇಕು ಅಂತಿಲ್ಲ, ಜಾತಿ ಗೊತ್ತಾಗಲಿ ಅಂತ ಹೇಳಿದೆ. ಬಜೆಟ್ ಸಾಲದಿದ್ದರೆ ಇಂಟರ್‌ಫೇಸ್ ಹೊಸದು ತಗೊಳ್ಳಿ, ಸ್ಪೀಕರ್ ಸೆಕೆಂಡ್ ಹ್ಯಾಂಡ್ ನೋಡಿ. ನೋಡಲು ಹೋಗುವಾಗ ಇಂಟರ್‌ಫೇಸ್, ಗಿಟಾರ್ ಎರಡನ್ನೂ ಹೊತ್ತುಕೊಂಡೇ ಹೋಗಿ. ದಪ್ಪ ತಂತಿಯನ್ನು ಒಂದೊಂದೇ ಫ್ರೆಟ್ ಏರುತ್ತಾ ಮೀಟಿ. ಯಾವುದಾದರೂ ಒಂದು ಸ್ವರಕ್ಕೆ ಪೆಟ್ಟಿಗೆ ಗಿರಗಿರ ಅಂದರೆ ಸುಮ್ನೆ ವಾಪಸ್ ಬನ್ನಿ.

ಪ್ರಶ್ನೆ ಕೇಳಿದವರು: ತುಂಬಾ ಥ್ಯಾಂಕ್ಸ್ ಸರ್. ಕ್ಯಾಬಿನೆಟ್ ನಿಜಕ್ಕೂ ಆಫ್ ಇತ್ತು! ಆದರೆ ಟ್ರ್ಯಾಕ್ ಒಡೆಯದೆ ಗಿಟಾರ್ ಮಾತ್ರ ಯಾಕೆ ಒಡೆಯುತ್ತದೆ? ಈಗಿನ ಡಬ್ಬದ ಮೇಲೆ 1,000 ವಾಟ್ ಅಂತ ಬರೆದಿದೆ.

ಉತ್ತರ: ಆ 1,000ದ ಪಕ್ಕ ಸಣ್ಣಕ್ಷರದಲ್ಲಿ ‘ಪಿಎಂಪಿಒ’ ಅಂತ ಇರುತ್ತದೆ, ನೋಡಿ. ಅದನ್ನು ಅಳೆಯೋಕೆ ಒಂದು ಒಪ್ಪಿದ ವಿಧಾನವೇ ಇಲ್ಲ, ಬರೆದವರ ಧೈರ್ಯ ಇದ್ದಷ್ಟು. ನೀವು ನೋಡಬೇಕಾದ್ದು ಆರ್‌ಎಂಎಸ್ ವಾಟ್, ಅಂದರೆ ಸತತವಾಗಿ ಕೊಡಬಲ್ಲ ಶಕ್ತಿ. ಮೇಜಿನ ಮೇಲೆ, ಒಂದು ಮೀಟರ್ ದೂರದಲ್ಲಿ ಕೂತು ನುಡಿಸುವವರಿಗೆ ಪೆಟ್ಟಿಗೆಗೆ 20–25 ವಾಟ್ ಆರ್‌ಎಂಎಸ್ ಧಾರಾಳ ಸಾಕು. ವಾಟ್ ಎರಡು ಪಟ್ಟಾದರೆ ಸದ್ದು ಏರುವುದು ಬರೀ 3 ಡೆಸಿಬಲ್. ಕಿವಿಗೆ ಎರಡರಷ್ಟು ಜೋರು ಅನ್ನಿಸಬೇಕಾದರೆ ವಾಟ್ ಹೆಚ್ಚೂಕಡಿಮೆ ಹತ್ತು ಪಟ್ಟಾಗಬೇಕು. ಹಾಗಾಗಿ 20ಕ್ಕೂ 25ಕ್ಕೂ ತಲೆ ಕೆಡಿಸಿಕೊಳ್ಳಬೇಡಿ.

ಒಡೆಯುವುದಕ್ಕೆ ಕಾರಣ ಬೇರೆ. ಟ್ರ್ಯಾಕ್ ಅನ್ನುವುದು ಸ್ಟುಡಿಯೋದಲ್ಲಿ ಒತ್ತಿ, ಸಮ ಮಾಡಿ ಕಳಿಸಿದ ಸದ್ದು. ಏರು ಕಡಿಮೆ, ಇಳಿತ ಕಡಿಮೆ. ನಿಮ್ಮ ಗಿಟಾರ್ ಹಾಗಲ್ಲ. ಪಿಕ್ ತಂತಿಗೆ ತಾಗಿದ ಆ ಒಂದು ಕ್ಷಣ ಸದ್ದು ಸೂಜಿಯ ಹಾಗೆ ಮೇಲಕ್ಕೆ ಚಿಮ್ಮುತ್ತದೆ, ಆಮೇಲೆ ಬರುವ ಸ್ವರ ಅದಕ್ಕಿಂತ ಎಷ್ಟೋ ತಗ್ಗು. ಟ್ರ್ಯಾಕ್ ಆಗಲೇ ಸ್ಪೀಕರನ್ನು ತುಂಬಿಕೊಂಡಿದ್ದರೆ ಆ ಚಿಮ್ಮುವಿಕೆಗೆ ಜಾಗ ಎಲ್ಲಿದೆ? ಸಂತೆಗೆ ಹೊರಟ ಬಸ್ಸಿಗೆ ಕೊನೇ ಸ್ಟಾಪಲ್ಲಿ ಹತ್ತಿದ ಹಾಗೆ. ಗಿಟಾರ್ ಏರಿಸಬೇಡಿ, ಟ್ರ್ಯಾಕ್ ಇಳಿಸಿ. ಗಿಟಾರ್‌ಗೆ ಏರಿಳಿತ ಒತ್ತುವ ಕಂಪ್ರೆಸರ್ ಸ್ವಲ್ಪ ಹಾಕಿ. 80 ಹರ್ಟ್ಜ್‌ಗಿಂತ ಕೆಳಗಿರುವುದನ್ನು ಇಕ್ಯೂನಲ್ಲಿ (ಈಕ್ವಲೈಸರ್) ಕತ್ತರಿಸಿ. ಆ ಜಾಗ ಬೇಸ್ ಗಿಟಾರ್ ಮತ್ತು ಕಿಕ್ ಡ್ರಮ್‌ದು, ನಿಮ್ಮದಲ್ಲ.

ಇನ್ನೊಬ್ಬ ಸದಸ್ಯರು: ಸರ್, ಮಧ್ಯೆ ಬಾಯಿ ಹಾಕುತ್ತಿದ್ದೇನೆ. ನನ್ನ ಹತ್ತಿರ ಒಳ್ಳೇ ಬ್ಲೂಟೂತ್ ಸ್ಪೀಕರ್ ಇದೆ. ಅದೇ ಆಗಲ್ವಾ?

ಉತ್ತರ: ಗಿಟಾರ್‌ಗೆ ಆಗುವುದಿಲ್ಲ, ಟ್ರ್ಯಾಕ್‌ಗೆ ಆಗುತ್ತದೆ. ಬ್ಲೂಟೂತ್ ಸಾಮಾನ್ಯವಾಗಿ 100ರಿಂದ 200 ಮಿಲಿಸೆಕೆಂಡ್ ತಡ ಮಾಡುತ್ತದೆ. ಟೆಂಪೋ ನಿಮಿಷಕ್ಕೆ 100 ಬೀಟ್ ಇದ್ದರೆ ಒಂದು ಬೀಟ್‌ನ ಕಾಲು ಭಾಗವೇ 150 ಮಿಲಿಸೆಕೆಂಡ್. ಬೆರಳು ಒಂದು ಕಡೆ, ಸದ್ದು ಇನ್ನೊಂದು ಕಡೆ. ಆದರೆ ಗಿಟಾರ್ ತನ್ನದೇ ಆಂಪ್‌ನಲ್ಲಿ ಬಂದು, ಟ್ರ್ಯಾಕ್ ಮಾತ್ರ ಬ್ಲೂಟೂತ್‌ನಲ್ಲಿ ಬಂದರೆ ಏನೂ ತೊಂದರೆಯಿಲ್ಲ. ನೀವು ತಾಳ ಹಿಡಿಯುವುದು ಕಿವಿಗೆ ಕೇಳಿದ್ದಕ್ಕೆ ತಾನೇ? ಅದು ಫೋನ್‌ನಿಂದ ಯಾವಾಗ ಹೊರಟಿತು ಅನ್ನುವುದು ಯಾರಿಗೆ ಬೇಕು.

ಇಂಟರ್‌ಫೇಸ್‌ನಲ್ಲಿ ಲೆಕ್ಕ ಹೀಗೆ: ಬಫರ್ (ಒಂದು ಸಲಕ್ಕೆ ಸಾಗಿಸುವ ಸ್ಯಾಂಪಲ್‌ಗಳು) 128, ಸ್ಯಾಂಪಲ್ ರೇಟ್ ಸೆಕೆಂಡಿಗೆ 48,000 ಇದ್ದರೆ ಒಂದು ಬಫರ್‌ಗೆ 2.7 ಮಿಲಿಸೆಕೆಂಡ್. ಒಳಗೆ ಬರೋಕೆ ಒಂದು, ಹೊರಗೆ ಹೋಗೋಕೆ ಒಂದು, ಜೊತೆಗೆ ಡ್ರೈವರ್‌ನ ಚಿಲ್ಲರೆ. ಒಟ್ಟು 10ರ ಆಸುಪಾಸು ಇದ್ದರೆ ಬಹಳ ಜನಕ್ಕೆ ಗೊತ್ತೇ ಆಗುವುದಿಲ್ಲ. ಗಾಳಿಯಲ್ಲಿ ಸದ್ದು ಒಂದು ಮೀಟರ್ ಬರೋಕೇ ಸುಮಾರು 3 ಮಿಲಿಸೆಕೆಂಡ್ ಬೇಕು. ಸ್ಟೇಜ್ ಮೇಲೆ ಆಂಪ್‌ನಿಂದ ಮೂರು ಮೀಟರ್ ದೂರ ನಿಂತು ಎಲ್ಲರೂ ನುಡಿಸುತ್ತಾರೆ, ಯಾರೂ ದೂರುವುದಿಲ್ಲ.

ಮತ್ತೊಬ್ಬ ಸದಸ್ಯರು: ಇಷ್ಟೆಲ್ಲ ತಾಪತ್ರಯ ಯಾಕೆ? ಒಂದು ಪುಟ್ಟ ಆಂಪ್ ತಗೊಂಡು ಅದರ ಆಕ್ಸ್ ಸಾಕೆಟ್‌ಗೆ ಫೋನ್ ಹಾಕಿದರೆ ಮುಗೀತಲ್ವಾ?

ಉತ್ತರ: ಯಾವ ಆಂಪ್ ಅನ್ನುವುದರ ಮೇಲೆ. ಮಾಮೂಲಿ ಗಿಟಾರ್ ಆಂಪ್‌ನ ಆಕ್ಸ್‌ಗೆ ಹಾಡು ಹಾಕಿದರೆ ಸಿಂಬಲ್, ಹೈ-ಹ್ಯಾಟ್ ಎಲ್ಲ ಕಂಬಳಿ ಹೊದ್ದ ಹಾಗೆ ಕೇಳುತ್ತದೆ. ಟ್ವೀಟರ್ ಇಲ್ಲವಲ್ಲ, ಮೇಲೆ ಹೇಳಿದ್ದೇ ಉಲ್ಟಾ. ಇದಕ್ಕೆಂದೇ ಮಾಡಿದ ಮೇಜಿನ ಆಂಪ್‌ಗಳಿವೆ. ಯಮಹಾ 2011ರಲ್ಲಿ ಟಿಎಚ್‌ಆರ್ ಅಂತ ತಂದದ್ದು ಅಂಥದ್ದು, ಎರಡು ಪುಟ್ಟ ಸ್ಪೀಕರ್, ಹಾಡೂ ಸ್ಟೀರಿಯೋದಲ್ಲಿ ಬರುತ್ತದೆ. ಕೈಯಲ್ಲಿ ಜಾಸ್ತಿ ದುಡ್ಡಿದ್ದರೆ ನಾನು ಅದಕ್ಕೇ ಹೋಗು ಅನ್ನುತ್ತೇನೆ. 15 ಸಾವಿರದಲ್ಲಿ ಲ್ಯಾಪ್‌ಟಾಪ್ ಆಗಲೇ ಇರುವವರಿಗೆ ಇಂಟರ್‌ಫೇಸ್ ದಾರಿಯೇ ಒಳ್ಳೆಯದು, ಮುಂದೆ ರೆಕಾರ್ಡಿಂಗ್‌ಗೂ ಆಗುತ್ತದೆ. ಬ್ಯಾಟರಿ ಪ್ರಿಆಂಪ್ ಇರುವ ಅಕೌಸ್ಟಿಕ್ ಗಿಟಾರ್ ಆಗಿದ್ದರೆ ಇನ್ನೂ ಸುಲಭ, ಕ್ಯಾಬ್ ಸಿಮ್ ಕೂಡ ಬೇಡ.

ಪ್ರಶ್ನೆ ಕೇಳಿದವರು (ಮೂರು ವಾರದ ನಂತರ): ಸರ್, ಇಂಟರ್‌ಫೇಸ್ ಹೊಸದು, 4 ಇಂಚಿನ ಸ್ಪೀಕರ್ ಸೆಕೆಂಡ್ ಹ್ಯಾಂಡ್ ತಗೊಂಡೆ. ಚಿರಚಿರ ಹೋಯಿತು, ತಡವೂ ಇಲ್ಲ. ಎರಡು ಸಮಸ್ಯೆ ಉಳಿದಿವೆ. ಆಂಪ್ ಸಾಫ್ಟ್‌ವೇರ್ ತೆರೆದರೆ ಬ್ರೌಸರ್‌ನ ಟ್ರ್ಯಾಕ್ ಬಂದ್ ಆಗುತ್ತದೆ. ಮತ್ತೆ, ಗುಂಯ್ ಅನ್ನುವ ಹಮ್ ಇದೆ. ಸ್ಪೀಕರ್ ಪ್ಲಗ್‌ನ ಅರ್ಥ್ ಪಿನ್ ತೆಗೆದರೆ ಹೋಗುತ್ತದೆ ಅಂತ ಒಬ್ಬರು ಹೇಳಿದರು.

ಉತ್ತರ: ಅರ್ಥ್ ಪಿನ್ ಮುಟ್ಟಬೇಡಿ. ಗಣೇಶನ ಹಬ್ಬದ ಆರ್ಕೆಸ್ಟ್ರಾಗಳಿಗೆ ಸೌಂಡ್ ಮಾಡಿದವನು ನಾನು. ಅರ್ಥಿಂಗ್ ಸರಿಯಿಲ್ಲದ ಸ್ಟೇಜ್‌ನಲ್ಲಿ ಗಿಟಾರ್ ಹಿಡಿದು ಮೈಕ್‌ಗೆ ತುಟಿ ತಾಗಿಸಿ ಶಾಕ್ ಹೊಡೆಸಿಕೊಂಡವರನ್ನು ಕಣ್ಣಾರೆ ನೋಡಿದ್ದೇನೆ. ಮೊದಲು ಲ್ಯಾಪ್‌ಟಾಪ್ ಚಾರ್ಜರ್ ಕಿತ್ತು ನೋಡಿ. ಹಮ್ ನಿಂತರೆ ಚಾರ್ಜರ್, ಸ್ಪೀಕರ್ ಎರಡನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡ್‌ಗೆ ಹಾಕಿ. ನಿಲ್ಲದಿದ್ದರೆ ಕೂತಲ್ಲೇ ಗಿಟಾರ್ ಹಿಡಿದು ನಿಧಾನವಾಗಿ ಸುತ್ತಿ. ಸಿಂಗಲ್ ಕಾಯಿಲ್ ಅಲ್ವಾ, ಮನೆ ಕರೆಂಟಿನ 50 ಹರ್ಟ್ಜ್ ಹಿಡಿಯುತ್ತದೆ. ಒಂದು ಕೋನದಲ್ಲಿ ಹಮ್ ತಗ್ಗುತ್ತದೆ, ಕುರ್ಚಿ ಅಲ್ಲಿಗೆ ತಿರುಗಿಸಿ. ಪಿಕಪ್ ಆರಿಸುವ ಸ್ವಿಚ್ 2 ಅಥವಾ 4ನೇ ಸ್ಥಾನದಲ್ಲಿ ಇಟ್ಟರೆ ಬಹಳಷ್ಟು ಸ್ಟ್ರಾಟ್‌ಗಳಲ್ಲಿ ಹಮ್ ಇನ್ನೂ ಕಡಿಮೆ.

ಬ್ರೌಸರ್ ಬಂದ್ ಆಗುವುದು ಆಸಿಯೋ ಡ್ರೈವರ್ (ತಡ ತಗ್ಗಿಸಲು ಹಾಕುವ ಸೌಂಡ್ ಡ್ರೈವರ್) ಕೆಲಸ. ನೀವು ಆಸಿಯೋ4ಆಲ್ ಹಾಕಿರಬೇಕು, ಅದು ಸಾಮಾನ್ಯವಾಗಿ ಸೌಂಡ್ ಸಾಧನವನ್ನು ಒಬ್ಬನೇ ಹಿಡಿದುಕೊಳ್ಳುತ್ತದೆ. ಇಂಟರ್‌ಫೇಸ್ ಕಂಪನಿಯದ್ದೇ ಡ್ರೈವರ್ ಇದ್ದರೆ ಅದನ್ನು ಹಾಕಿ. ಇಲ್ಲದಿದ್ದರೆ ಟ್ರ್ಯಾಕ್ ಫೈಲನ್ನು ರೀಪರ್‌ನಂಥ ರೆಕಾರ್ಡಿಂಗ್ ಸಾಫ್ಟ್‌ವೇರ್ ಒಳಗೇ ತೆರೆದು ನುಡಿಸಿ. ಕಷ್ಟದ ನಾಲ್ಕು ಬಾರ್ ಮಾತ್ರ ಸುತ್ತಿ ಸುತ್ತಿ ಹಾಕಬಹುದು, ಶ್ರುತಿ ಕೆಡದಂತೆ ನಿಧಾನ ಮಾಡಬಹುದು.

ಪ್ರಶ್ನೆ ಕೇಳಿದವರು: ಚಾರ್ಜರ್‌ದೇ ಸರ್, ಹಮ್ ಹೋಯಿತು. ಕೊನೇ ಪ್ರಶ್ನೆ. ತೆಳು ತಂತಿ ಮೊದಲಿಗಿಂತ ಎಷ್ಟೋ ವಾಸಿ, ಆದರೂ ಒಂಚೂರು ಮಂಕು. ಇದಕ್ಕೆ ಟ್ವೀಟರ್ ಏರಿಸಲಾ?

ಉತ್ತರ: ತಂತಿ ಬದಲಿಸಿ ಎಷ್ಟು ದಿನ ಆಯಿತು?

ಪ್ರಶ್ನೆ ಕೇಳಿದವರು: ಗಿಟಾರ್ ಜೊತೆ ಬಂದದ್ದೇ ಇದೆ ಸರ್. ಒಂದೂವರೆ ವರ್ಷ.

ಉತ್ತರ: 😄 ಟ್ವೀಟರ್ ಅಲ್ಲೇ ಇರಲಿ. ನಾಳೆ ಒಂದು ಸೆಟ್ ತಂತಿ ತನ್ನಿ.