ಬಾಯಿಪಾಠ ಬಿಡಿ, ಮಾಡಿದ ಕೆಲಸ ಹೇಳಿ

ಸಮಸ್ಯೆ: ಒಂದು ವರ್ಷ ಕೆಲಸ ಮಾಡಿದ್ದೆ. ಅಪ್ಪನಿಗೆ ಹುಷಾರು ತಪ್ಪಿದಾಗ ಬಿಟ್ಟೆ. ಈಗ ಮೂರು ಸಂದರ್ಶನಗಳಿಗೆ ಹೋಗಿ ಬಂದೆ. ಉತ್ತರಗಳನ್ನೆಲ್ಲ ಬಾಯಿಪಾಠ ಮಾಡಿಕೊಂಡೇ ಹೋಗುತ್ತೇನೆ. ಆದರೆ ‘ನಿಮ್ಮ ಬಗ್ಗೆ ಹೇಳಿ’ ಅಂದ ಕೂಡಲೇ ಬಾಯಿ ಒಣಗಿ ಎಲ್ಲ ಮರೆತುಹೋಗುತ್ತದೆ. ಎರಡು ವಾರದಲ್ಲಿ ಇನ್ನೊಂದು ಸಂದರ್ಶನವಿದೆ. ಏನು ಮಾಡಲಿ?

*

ತಂಗಿ, ಹತ್ತು ವರ್ಷದಿಂದ ನಾನು ಮೇಜಿನ ಆ ಕಡೆ ಕೂತು ಪ್ರಶ್ನೆ ಕೇಳುತ್ತಿದ್ದೇನೆ. ಬಾಯಿಪಾಠ ಮಾಡಿ ಬಂದವರು ಬೇಗ ಗೊತ್ತಾಗುತ್ತಾರೆ. ದನಿ ಒಂದೇ ಸಮ ಇರುತ್ತದೆ. ನಡುವೆ ಒಂದು ಪದ ತಪ್ಪಿದರೆ ಇಡೀ ಉತ್ತರ ಕೈಕೊಡುತ್ತದೆ. ನಿನಗೆ ಆಗುತ್ತಿರುವುದೂ ಇದೇ. ನಿನಗೆ ಏನೂ ಬರುವುದಿಲ್ಲ ಅಂತ ಮಾತ್ರ ಅಂದುಕೊಳ್ಳಬೇಡ.

ಕೆಲಸದ ಜಾಹೀರಾತನ್ನು ಎದುರಿಗಿಟ್ಟುಕೋ. ಅವರು ಕೇಳಿರುವ ಒಂದೊಂದಕ್ಕೂ ನೀನು ನಿಜವಾಗಿ ಮಾಡಿದ ಒಂದು ಕೆಲಸ ಬರೆದುಕೋ. ಐದಾರು ಘಟನೆ ಸಿಕ್ಕರೆ ಸಾಕು, ಹತ್ತಾರು ಪ್ರಶ್ನೆಗೆ ಅವೇ ಆಗುತ್ತವೆ. ಪರಿಸ್ಥಿತಿ ಏನಿತ್ತು, ನಿನ್ನ ಪಾಲಿನ ಕೆಲಸ ಯಾವುದು, ನೀನೇನು ಮಾಡಿದೆ, ಕೊನೆಗೆ ಏನಾಯಿತು, ಹೀಗೆ ಹೇಳು. ಇದನ್ನು ‘ಸ್ಟಾರ್’ ವಿಧಾನ ಅಂತಾರೆ. ಜಾಸ್ತಿ ಹೊತ್ತು ಮೂರನೆಯದಕ್ಕೆ ಕೊಡು. ತುಂಬಾ ಜನ ‘ನಾವು ಮಾಡಿದೆವು, ನಮ್ಮ ತಂಡ ಮಾಡಿತು’ ಅಂತಲೇ ಮುಗಿಸಿಬಿಡುತ್ತಾರೆ. ಅದರಲ್ಲಿ ಅವರ ಕೈ ಎಷ್ಟಿತ್ತು ಅಂತ ತಿಳಿಯದೆ ನಾನು ಅಂಕ ಹೇಗೆ ಕೊಡಲಿ?

ಒಮ್ಮೆ ಒಬ್ಬ ಹುಡುಗಿ ಬಂದಿದ್ದಳು. ‘ಎಲ್ಲರ ಜೊತೆ ಹೊಂದಿಕೊಳ್ಳುತ್ತೇನೆ’ ಅಂದಳು. ಎಲ್ಲರೂ ಹೇಳುವ ಮಾತೇ. ಉದಾಹರಣೆ ಕೊಡಿ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, ಬಿಲ್ ತಪ್ಪಿದೆ ಅಂತ ಕೂಗಾಡುತ್ತಿದ್ದ ಗ್ರಾಹಕರೊಬ್ಬರನ್ನು ಕೂರಿಸಿ, ಒಂದೊಂದು ಸಾಲಿನ ಮೇಲೂ ಪೆನ್ ಇಟ್ಟು ಅವರ ಜೊತೆಯೇ ಕೂಡಿ ನೋಡಿದ್ದನ್ನು ಹೇಳಿದಳು. ಏಳನೇ ಸಾಲು ಎರಡು ಸಲ ಬಿದ್ದಿತ್ತಂತೆ. ಹೇಳುತ್ತಾ ಹೇಳುತ್ತಾ ಅವಳ ಬೆರಳು ನಮ್ಮ ಮೇಜಿನ ಮೇಲೆ ಸಾಲು ಎಳೆಯುತ್ತಿತ್ತು. ಬಂದಾಗ ಇದ್ದ ನಡುಕ ಅಷ್ಟರಲ್ಲಿ ನಿಂತೇ ಹೋಗಿತ್ತು. ಆ ಕೆಲಸ ಅವಳಿಗೇ ಸಿಕ್ಕಿತು.

‘ನಿಮ್ಮ ಬಗ್ಗೆ ಹೇಳಿ’ ಅಂದರೆ ನಿನ್ನ ಜಾತಕ ಕೇಳುತ್ತಿಲ್ಲ. ಏನು ಕಲಿತೆ, ಏನು ಮಾಡಿದೆ, ಈ ಕೆಲಸ ಯಾಕೆ ಬೇಕು, ಇಷ್ಟೇ. ಒಂದೂವರೆ ನಿಮಿಷ ಸಾಕು. ಮೂರು ಪದ ಚೀಟಿಯಲ್ಲಿ ಬರೆದುಕೊಂಡು ದಿನಾ ಗಟ್ಟಿಯಾಗಿ ಹೇಳು. ಪ್ರತಿ ಸಲ ಬೇರೆ ಬೇರೆ ಮಾತಲ್ಲಿ ಬರಲಿ, ಒಳ್ಳೆಯದೇ.

– ಒಬ್ಬ ಅಕ್ಕ

*

ನನಗೂ ಒಂದೂವರೆ ವರ್ಷ ಕೆಲಸ ಇರಲಿಲ್ಲ. ಅಮ್ಮನನ್ನು ನೋಡಿಕೊಳ್ಳುತ್ತಿದ್ದೆ. ಅದನ್ನು ಮುಚ್ಚಿಡಲು ಹೋಗಿ ತಿಂಗಳ ಲೆಕ್ಕ ತಪ್ಪಿ ಸಿಕ್ಕಿಬಿದ್ದೆ. ಮುಂದಿನ ಸಂದರ್ಶನದಲ್ಲಿ ನೇರವಾಗಿ ಹೇಳಿದೆ: ‘ಮನೆಯವರ ಆರೈಕೆಗೆ ಕೆಲಸ ಬಿಟ್ಟಿದ್ದೆ. ಈಗ ಅವರು ಚೇತರಿಸಿಕೊಂಡಿದ್ದಾರೆ, ಪೂರ್ತಿ ಸಮಯ ಕೆಲಸ ಮಾಡಬಲ್ಲೆ.’ ಅವರು ತಲೆಯಾಡಿಸಿ ಮುಂದಿನ ಪ್ರಶ್ನೆಗೆ ಹೋದರು. ನೀವೂ ಎರಡೇ ಸಾಲು ಹೇಳಿ, ಅಳುಕಬೇಡಿ. ಮತ್ತೆ, ಉತ್ತರ ಹೊಳೆಯದಿದ್ದರೆ ‘ಒಂದು ನಿಮಿಷ ಯೋಚಿಸಿ ಹೇಳಲಾ?’ ಅಂತ ಕೇಳಿ. ಯಾರೂ ತಪ್ಪು ತಿಳಿಯುವುದಿಲ್ಲ. ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅನ್ನಿ.

– ಇದೇ ದಾರಿಯಲ್ಲಿ ಬಂದ ಓದುಗ

*

ಅಕ್ಕ ಹೇಳಿದ್ದು ಸರಿ. ಆದರೆ ಒಬ್ಬರೇ ಗೋಡೆಗೆ ಹೇಳಿಕೊಂಡರೆ ಸಾಲದು. ಗೆಳತಿಯನ್ನು ಎದುರು ಕೂರಿಸಿಕೊಂಡು, ಅವಳಿಗೆ ತೋಚಿದ ಪ್ರಶ್ನೆ ಕೇಳಲು ಹೇಳಿ. ಅದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ ಕೇಳಿ. ನಾನು ಎಷ್ಟು ಬೇಗ ಬೇಗ ಮಾತಾಡುತ್ತೇನೆ ಅಂತ ನನಗೆ ತಿಳಿದದ್ದೇ ಹಾಗೆ. ವಿಡಿಯೋ ಸಂದರ್ಶನವಾದರೆ ಕ್ಯಾಮೆರಾ ಕಣ್ಣಿನ ಮಟ್ಟಕ್ಕಿರಲಿ, ಬೆಳಕು ಮುಖದ ಮೇಲೆ ಬೀಳಲಿ.

ಕೊನೆಗೆ ‘ನೀವೇನಾದರೂ ಕೇಳುವುದಿದೆಯಾ?’ ಅಂದಾಗ ಇಲ್ಲ ಅನ್ನಬೇಡಿ. ‘ಮೊದಲ ಮೂರು ತಿಂಗಳಲ್ಲಿ ನನ್ನಿಂದ ಏನು ಬಯಸುತ್ತೀರಿ?’ ಅಂತ ಕೇಳಿ. ಹೊರಗೆ ಬಂದ ಮೇಲೆ ಅವರು ಕೇಳಿದ್ದನ್ನೆಲ್ಲ ಮರೆಯುವ ಮುಂಚೆ ಬರೆದಿಟ್ಟುಕೊಳ್ಳಿ. ಏನಾಯಿತು ಅಂತ ನಮಗೂ ತಿಳಿಸಿ, ಕಾಯುತ್ತಿರುತ್ತೇವೆ.

– ಒಬ್ಬ ಓದುಗಿ