ವಸೂಲಿ ವ್ಯಾಯಾಮ

"ಎಂತ ಮಾರಾಯ್ರೆ, ಏಡಿಯ ಹಾಗೆ ನಡೆಯುವುದು!" ಎಂದು ಶೆಟ್ರು ಬೊಬ್ಬೆ ಹಾಕುವಾಗ ನಾನು ಹೋಟೆಲಿನ ಮೂರು ಮೆಟ್ಟಿಲನ್ನು ಅಡ್ಡಡ್ಡ ಇಳಿಯುತ್ತಿದ್ದೆ. ಕದ್ರಿ ಪಾರ್ಕಿನಲ್ಲಿ ಒಂದು ಸುತ್ತು ಹೊಡೆದು ಭಾನುವಾರ ನಾವು ಕೂರುವ ಹೋಟೆಲು ಅದು. ಇಷ್ಟು ವರ್ಷ ಹೋಗಿಯೂ ಅಲ್ಲಿ ಮೆಟ್ಟಿಲುಂಟು ಎಂದು ನನಗೆ ಗೊತ್ತಾದದ್ದು ಅವತ್ತೇ. ಒಂದು ಕೈ ಗೋಡೆಗೆ, ಒಂದು ಕೈ ತೊಡೆಗೆ. ಕುರ್ಚಿಯ ಅರ್ಧ ದಾರಿಯವರೆಗೆ ನಾನು ಕೂತೆ, ಉಳಿದರ್ಧ ಬಿದ್ದೆ.

ನಾವು ನಾಲ್ಕು ಜನ. ಮುಂಬೈಯಲ್ಲಿ ಹೋಟೆಲ್ ನಡೆಸಿ ಊರಿಗೆ ಬಂದ ಶೆಟ್ರು, ಗಣಿತ ಕಲಿಸಿ ನಿವೃತ್ತರಾದ ಮಾಷ್ಟ್ರು, ಮತ್ತೆ ಸಿಸ್ಟರ್. ಸಿಸ್ಟರ್ ಅಂದರೆ ಕಾನ್ವೆಂಟಿನವರಲ್ಲ, ಮೂವತ್ತು ವರ್ಷ ವಾರ್ಡಿನಲ್ಲಿ ಸೂಜಿ ಚುಚ್ಚಿದವರು. ಕೊನೆಗೆ ಏಳುವವರು ಬಿಲ್ ಕೊಡುವುದು ಎಂಬುದು ನಮ್ಮ ಕಟ್ಟಳೆ. ಹಾಗಾಗಿ ಕೊನೆಯ ಗುಟುಕು ಕಾಫಿಯನ್ನು ಯಾರೂ ಕೂತು ಕುಡಿಯುವುದಿಲ್ಲ. ನಾನು ಈವರೆಗೆ ಕೊಟ್ಟದ್ದು ಎರಡೇ ಸಲ. ಎರಡು ಸಲವೂ ಮೇಜಿನ ಅಡಿಯಲ್ಲಿ ಚಪ್ಪಲಿ ಹುಡುಕುತ್ತಿದ್ದೆ.

"ಜಿಮ್ಮಿಗೆ ಸೇರಿದೆ," ಎಂದೆ.

ಶೆಟ್ರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಮತ್ತೆ ಸಪ್ಲೈಯರ್ ಹುಡುಗನನ್ನು ಕರೆದು, "ನಾಲ್ಕು ಪ್ಲೇಟ್ ಬನ್ಸ್, ಎರಡು ಗೋಳಿಬಜೆ. ನನಗೆ ಒಂದು ಪುನರ್ಪುಳಿ ಶರಬತ್ತು," ಎಂದರು. ಯಾವತ್ತೂ ಒಂದು ಬನ್ಸಿನಲ್ಲಿ ಮುಗಿಸುವ ಮನುಷ್ಯ.

"ಎಷ್ಟು ದಿನ ಆಯಿತು?" ಸಿಸ್ಟರ್ ಕೇಳಿದರು.

"ಆರು. ಮೂರು ತಿಂಗಳ ಫೀಸು ಒಟ್ಟಿಗೆ ಕಟ್ಟಿದ್ದೇನೆ. ಅಲ್ಲಿ ಹದಿನಾಲ್ಕು ಯಂತ್ರ ಉಂಟು. ದಿನಾ ಹದಿನಾಲ್ಕಕ್ಕೂ ಹಾಜರಿ ಹಾಕಿ ಬರುತ್ತೇನೆ. ದುಡ್ಡು ಕೊಟ್ಟು ಒಂದನ್ನು ಸುಮ್ನೆ ಬಿಡುವುದು ಹೇಗೆ?"

"ಮದುವೆ ಬಫೆಯಲ್ಲಿ ಮಾಡುವ ಕೆಲಸ ಇದು," ಎಂದರು ಮಾಷ್ಟ್ರು.

ಜಿಮ್ಮಿನ ಹುಡುಗ ಹೇಳಿದ್ದನ್ನು ನಾನು ಒಪ್ಪಿಸಿದೆ. ಸ್ನಾಯುವಿನಲ್ಲಿ ಲ್ಯಾಕ್ಟಿಕ್ ಆಸಿಡ್ ತುಂಬಿದೆಯಂತೆ, ಅದಕ್ಕೇ ನೋವಂತೆ. ಸಿಸ್ಟರ್ ಬನ್ಸ್ ಮುರಿಯುವುದನ್ನು ನಿಲ್ಲಿಸಿದರು.

"ಅದು ಒಂದೆರಡು ಗಂಟೆಯಲ್ಲಿ ಹೋಗಿರುತ್ತದೆ. ಸೋಮವಾರದ ಆಸಿಡ್ ಬುಧವಾರಕ್ಕೆ ನೋಯಿಸಲು ಅದೇನು ಮೀನು ಸಾರಾ, ಇಟ್ಟಷ್ಟು ರುಚಿ ಏರಲಿಕ್ಕೆ? ಅಭ್ಯಾಸ ಇಲ್ಲದ ಕೆಲಸ ಮಾಡಿದರೆ ಸ್ನಾಯುವಿನ ಎಳೆಗಳಲ್ಲಿ ಸಣ್ಣ ಸಣ್ಣ ಪೆಟ್ಟು ಆಗುತ್ತದೆ. ಅದರ ರಿಪೇರಿಯ ಗಲಾಟೆ ಇದು. ಮಾಡಿದ ದಿನ ಗೊತ್ತಾಗುವುದಿಲ್ಲ, ಒಂದರಿಂದ ಮೂರು ದಿನದೊಳಗೆ ಜೋರಾಗುತ್ತದೆ."

"ಮತ್ತೆ ಹತ್ತುವಾಗ ಹೇಗೋ ಹತ್ತುತ್ತೇನೆ, ಇಳಿಯುವಾಗ ಜೀವ ಹೋಗುವುದು ಯಾಕೆ?"

"ಶಿರಾಡಿ ಘಾಟಿ ಇಳಿಯುವ ಲಾರಿ ನೋಡಿದ್ದೀರಲ್ವಾ? ಬ್ರೇಕಿಗೆ ಕೆಲಸ ಇರುವುದು ಇಳಿಯುವಾಗ. ತೊಡೆಯ ಸ್ನಾಯು ಉದ್ದ ಆಗುತ್ತಾ ಆಗುತ್ತಾ ನಿಮ್ಮ ಭಾರ ಹಿಡಿಯಬೇಕು. ಪೆಟ್ಟು ಜಾಸ್ತಿ ಬೀಳುವುದು ಅದರಲ್ಲೇ. ಹುಷಾರಿಲ್ಲದ ಬ್ರೇಕಿನಲ್ಲಿ ಈಗ ಮತ್ತೆ ಇಳಿಯುತ್ತಾ ಇದ್ದೀರಿ."

ನೋವು ಬಿಡಿ. ಅದು ಎಲ್ಲಿ ಉಂಟು ಎಂದು ಬೆರಳಿಟ್ಟು ತೋರಿಸಬಹುದು. ನನ್ನ ದೂರು ಬೇರೆ ಇತ್ತು. ಜಿಮ್ಮಿಗೆ ಹೋದರೆ ಹುರುಪು ಬರುತ್ತದೆ ಎಂದೇ ನಾನು ಸೇರಿದ್ದು. ಈಗ ಆಫೀಸಿನಲ್ಲಿ ಮಧ್ಯಾಹ್ನ ಮೂರು ಗಂಟೆಗೆ ಕೀಬೋರ್ಡಿನ ಮೇಲೆ ಹಣೆ ಬೀಳುತ್ತದೆ. ಶುಕ್ರವಾರ ಒಂದು ಕಡತದಲ್ಲಿ ಸಾಲುಗಟ್ಟಲೆ 'ಳ' ಬಿದ್ದಿತ್ತು.

ಘಟ್ಟದ ಮೇಲಿನವರು ಇದಕ್ಕೆ ಸುಸ್ತು ಎನ್ನುತ್ತಾರೆ. ನಮ್ಮಲ್ಲಿ ಬಚ್ಚುವುದು. ಎರಡೂ ಒಂದೇ ಅಲ್ಲ ಎಂಬುದು ನನ್ನ ವಾದ. ಸುಸ್ತು ಒಂದು ಲೋಟ ಕಾಫಿಗೆ ಇಳಿಯುತ್ತದೆ. ಬಚ್ಚಿದ್ದು ಮೂಳೆಯ ಒಳಗೆ ಚಾಪೆ ಹಾಸಿ ಮಲಗುತ್ತದೆ. ಬಚ್ಚಿದವರು ತಿನ್ನಲಿ ಎಂದೇ ಬಚ್ಚಂಗಾಯಿಗೆ, ಅಂದರೆ ಕಲ್ಲಂಗಡಿಗೆ, ಆ ಹೆಸರು ಬಂತು ಎಂದು ಮಾಷ್ಟ್ರು ಒಮ್ಮೆ ಹೇಳಿದ್ದರು. ಅವರು ಗಣಿತದ ಮಾಷ್ಟ್ರು, ಈ ವಿಷಯದಲ್ಲಿ ನಂಬಬೇಡಿ.

"ಎಲ್ಲ ಮನಸ್ಸಿನದ್ದು," ಎಂದರು ಅದೇ ಮಾಷ್ಟ್ರು. "ಯಕ್ಷಗಾನದ ವೇಷಧಾರಿಯನ್ನು ನೋಡಿ. ಅಷ್ಟು ಭಾರ ಕಟ್ಟಿಕೊಂಡು ನಡುರಾತ್ರಿ ಧಿಗಿಣ ಹೊಡೆಯುತ್ತಾನೆ. ಅವನಿಗೆ ಬಚ್ಚುತ್ತದಾ?"

"ಅವ ಗೆಜ್ಜೆ ಕಟ್ಟಿದ್ದು ಹನ್ನೆರಡನೇ ವಯಸ್ಸಿಗೆ. ಇವರು ಐವತ್ತೆರಡಕ್ಕೆ ಕಟ್ಟಿ ಮೊದಲನೇ ದಿನವೇ ಧಿಗಿಣಕ್ಕೆ ಹೋದದ್ದು," ಎಂದರು ಸಿಸ್ಟರ್.

ಶೆಟ್ರಿಗೆ ಕಂಬಳ ಬಿಟ್ಟು ಬೇರೆ ಲೋಕ ಇಲ್ಲ. "2020ರಲ್ಲಿ ಐಕಳದಲ್ಲಿ ಶ್ರೀನಿವಾಸ ಗೌಡ್ರು ಓಡಿದ್ದು ನೆನಪುಂಟಾ? 142.5 ಮೀಟರ್, 13.62 ಸೆಕೆಂಡ್! ಅದೂ ಕೆಸರಿನಲ್ಲಿ. ನಮ್ಮ ಮಣ್ಣಿನ ಗುಣ ಅದು. ನಿಮಗೆ ಫ್ಯಾನಿನ ಅಡಿಯಲ್ಲಿ ಬಚ್ಚುತ್ತದಾ?"

"ಕೋಣದ ಕಥೆಯನ್ನೂ ಹೇಳಿ ಶೆಟ್ರೇ. ಮೈಗೆ ಎಣ್ಣೆ ತಿಕ್ಕಿ, ಹುರುಳಿ ಬೇಯಿಸಿ ಹಾಕಿ, ಬೇಕಾದಷ್ಟು ಮಲಗಿಸಿ ಸಾಕುವುದಲ್ವಾ?" ಎಂದು ಸಿಸ್ಟರ್ ನನ್ನ ಕಡೆ ತಿರುಗಿದರು. "ನೀವು ರಾತ್ರಿ ಎಂತ ತಿನ್ನುವುದು?"

"ಸೌತೆಕಾಯಿ."

"ಮತ್ತೆ?"

"ಉಪ್ಪು."

ಮೇಜು ಒಂದು ಗಳಿಗೆ ಮೌನವಾಯಿತು. ಶೆಟ್ರು ಗೋಳಿಬಜೆಯ ತಟ್ಟೆಯನ್ನು ನನ್ನ ಹತ್ತಿರ ದೂಡಿದರು. ಸಂತಾಪ ಸೂಚಿಸುವ ಹಾಗಿತ್ತು.

ಹೊಟ್ಟೆ ಕರಗಿಸಬೇಕೆಂದು ಕುಚ್ಚಲಕ್ಕಿ ಅನ್ನವನ್ನೂ ಬೆಳಗಿನ ಗಂಜಿಯನ್ನೂ ಒಟ್ಟಿಗೇ ಬಿಟ್ಟಿದ್ದೆ. ಖಾಲಿ ಟ್ಯಾಂಕಿನಲ್ಲಿ ಬಸ್ಸು ಓಡಿಸಿ ಇಂಜಿನಿಗೆ ಬೈಯುವುದು ಎಂದರು ಸಿಸ್ಟರ್. ಆಮೇಲೆ ವಿಚಾರಣೆ ನಿದ್ದೆಗೆ ಬಂತು. ಏಳುವುದು ಐದಕ್ಕೆ. ಮಲಗುವುದು? ಹನ್ನೆರಡೂವರೆಗೆ. ಅಷ್ಟು ಹೊತ್ತು ಎಂತ ಮಾಡುವುದು? ಮೊಬೈಲಿನಲ್ಲಿ ವ್ಯಾಯಾಮದ ವಿಡಿಯೋ ನೋಡುವುದು.

"ಮೈ ರಿಪೇರಿ ಆಗುವುದು ನಿದ್ದೆಯಲ್ಲಿ. ನೀವು ಗ್ಯಾರೇಜಿನ ಬಾಗಿಲೇ ತೆಗೆಯುವುದಿಲ್ಲ," ಎಂದರು. "ಅದೂ ಈ ಪಗ್ಗು ತಿಂಗಳ ಸೆಕೆಯಲ್ಲಿ! ಬೆವರು ಆರಿದರೆ ತಾನೇ ಮೈ ತಂಪಾಗುವುದು? ನಮ್ಮೂರ ಗಾಳಿಯಲ್ಲೇ ಅಷ್ಟು ನೀರು ಇರುವಾಗ ಬೆವರು ಹೋಗುವುದೆಲ್ಲಿಗೆ, ಬನಿಯನ್ನಿನಲ್ಲೇ ಕೂರುತ್ತದೆ. ಹೃದಯ ಕಾಲಿಗೂ ರಕ್ತ ಕಳಿಸಬೇಕು, ತಂಪು ಮಾಡಲು ಚರ್ಮಕ್ಕೂ ಕಳಿಸಬೇಕು. ಡಬಲ್ ಡ್ಯೂಟಿ. ಡಬಲ್ ಡ್ಯೂಟಿ ಮಾಡಿ ನನಗೆ ಗೊತ್ತುಂಟು."

ಇದೆಲ್ಲ ಸಾಲದು ಎಂದು ದಿನಾ ಹತ್ತು ಸಾವಿರ ಹೆಜ್ಜೆಯೂ ಹಾಕುತ್ತಿದ್ದೇನೆ ಎಂದು ನಾನು ಬಾಯಿ ಬಿಟ್ಟೆ. ಮಾಷ್ಟ್ರಿಗೆ ಅಂಕೆ ಸಿಕ್ಕಿತು, ಬಿಡುತ್ತಾರಾ? ಅದು ವೈದ್ಯರು ಕೂತು ಲೆಕ್ಕ ಹಾಕಿದ್ದಲ್ಲವಂತೆ. 1965ರ ಹೊತ್ತಿಗೆ ಜಪಾನಿನಲ್ಲಿ ಹೆಜ್ಜೆ ಎಣಿಸುವ ಒಂದು ಯಂತ್ರ ಬಂತು. ಅದರ ಹೆಸರಿನ ಅರ್ಥವೇ ಹತ್ತು ಸಾವಿರ ಹೆಜ್ಜೆಯ ಮಾಪಕ ಎಂದು. ಯಂತ್ರ ಮಾರಲು ಇಟ್ಟ ಹೆಸರಿಗೆ ನಾವು ಬೆವರು ಸುರಿಸುವುದು. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳುವುದು ವಾರಕ್ಕೆ 150ರಿಂದ 300 ನಿಮಿಷ ಸಾಧಾರಣ ವ್ಯಾಯಾಮ. "ನೀವು ದಿನಕ್ಕೆ ಎಷ್ಟು?"

"ಎರಡು ಗಂಟೆ."

ಮಾಷ್ಟ್ರು ಕಾಗದವಿಲ್ಲದೆ ಗುಣಿಸಿದರು. "ಆರು ದಿನಕ್ಕೆ 720. ಇನ್ನೊಂದು ತಿಂಗಳಿನ ಬಾಕಿಯನ್ನೂ ಕಟ್ಟಿ ಆಯಿತು."

"ಅರ್ಧಕ್ಕಿಂತ ಕಡಿಮೆ ಮಾಡಿ," ಎಂದರು ಸಿಸ್ಟರ್. "ಮಾತಾಡಲಿಕ್ಕೆ ಆಗಬೇಕು, ಪದ್ಯ ಹೇಳಲಿಕ್ಕೆ ಆಗಬಾರದು. ನಡಿಗೆ ಅಷ್ಟು ಜೋರಿದ್ದರೆ ಸದ್ಯಕ್ಕೆ ಸಾಕು. ನಡುವೆ ಒಂದೊಂದು ದಿನ ರಜೆ. ಗಂಜಿ ವಾಪಸ್ ಶುರು ಮಾಡಿ. ಎರಡು ವಾರ ಹೀಗೆ ಮಾಡಿಯೂ ಬಚ್ಚಿದರೆ ಜಿಮ್ಮಿಗೆ ಬೈಯಬೇಡಿ, ರಕ್ತ ಪರೀಕ್ಷೆ ಮಾಡಿಸಿ. ಹಿಮೋಗ್ಲೋಬಿನ್, ಥೈರಾಯ್ಡ್, ಶುಗರ್. ಎದೆನೋವು, ಕಣ್ಣು ಕತ್ತಲೆ, ಮೂತ್ರ ಕಪ್ಪುಕೆಂಪಾಗುವುದು, ಅದಕ್ಕೆಲ್ಲ ಎರಡು ವಾರ ಕಾಯುವುದಲ್ಲ. ಅವತ್ತೇ ಆಸ್ಪತ್ರೆ."

ಶೆಟ್ರು ಪುನರ್ಪುಳಿ ಶರಬತ್ತಿನ ಗ್ಲಾಸನ್ನು ಬೆಳಕಿಗೆ ಹಿಡಿದು ನೋಡಿ ಕೆಳಗಿಟ್ಟರು.

"ಮತ್ತೆ ನನ್ನ ಫೀಸು?" ಎಂದೆ.

ಅದಕ್ಕೆ ಯಾರೂ ಉತ್ತರ ಕೊಡಲಿಲ್ಲ. ಮಾಷ್ಟ್ರು ಕಾಫಿಯ ಲೋಟ ಎತ್ತಿದವರು ಹಾಗೇ ಎದ್ದು ನಿಂತು ಕುಡಿದರು. ಸಿಸ್ಟರ್ ಕೈ ತೊಳೆಯಲು ಹೋದವರು ಬಾಗಿಲ ಕಡೆಯಿಂದ ಬಂದರು. ಶೆಟ್ರು ಕುರ್ಚಿಯಿಂದ ಎದ್ದದ್ದು ನನಗೆ ಕಾಣಲೇ ಇಲ್ಲ, ಕಾಣುವಾಗ ಅವರು ಮೂರನೇ ಮೆಟ್ಟಿಲಿನಲ್ಲಿದ್ದರು. ನಾನು ಮೇಜಿನ ಅಂಚು ಹಿಡಿದು ಮೇಲೆ ಬಂದೆ. ತೊಡೆ ನಡುಗಿತು. ವಾಪಸ್ ಕೂತೆ.

"ಗಡಿಬಿಡಿ ಮಾಡಬೇಡಿ, ನಿಧಾನಕ್ಕೆ ಏಳಿ," ಸಿಸ್ಟರ್ ಹೊರಗಿನಿಂದ ಹೇಳಿದರು.

ಹುಡುಗ ಬಂದು ಸೋಂಪಿನ ತಟ್ಟೆಯ ಅಡಿಯಲ್ಲಿ ಬಿಲ್ ಇಟ್ಟ. 430 ರೂಪಾಯಿ. ಬನ್ಸ್ ನಾಲ್ಕು ಪ್ಲೇಟ್ ಯಾಕೆ ಬಂತು ಎಂದು ನನಗೆ ಆಗ ಹೊಳೆಯಿತು.