ಅಡಿಕೆ ಬಿಲ್ಲಿನ ಪ್ರೋಗ್ರಾಂ: ಜಾವಾಸ್ಕ್ರಿಪ್ಟಲ್ಲೇ ಇರ್ಲೋ, ಟೈಪ್‌ಸ್ಕ್ರಿಪ್ಟಿಗೆ ಹೋಗ್ಲೋ?

ಶಿರಸಿ, ಪ್ರಶ್ನೆ: ಅಡಿಕೆ ಖರೀದಿ ಬಿಲ್ಲು, 14,000 ಸಾಲು ಜಾವಾಸ್ಕ್ರಿಪ್ಟ್. ನೋಡ್ಕೊಳ್ಳೋರು ಇಬ್ಬರೇ. ಟೈಪ್‌ಸ್ಕ್ರಿಪ್ಟಿಗೆ (ಯಾವುದು ಅಂಕಿ, ಯಾವುದು ಅಕ್ಷರ ಅಂತ ಟೈಪ್ ಬರೆದು ಓಡಿಸೋ ಮೊದ್ಲೇ ತಪಾಸಣೆ ಮಾಡೋ ಜಾವಾಸ್ಕ್ರಿಪ್ಟ್) ಬದಲಿಸಿದವರು ಅನುಭವ ಹೇಳಿ.

ಹೆಗಡೆ, ಯಲ್ಲಾಪುರ: ಬದಲಿಸಿ. ತೂಕದ ಖಾನೆಯಿಂದ ಬರೋದು ಸ್ಟ್ರಿಂಗು, ಅಂದ್ರೆ ಅಕ್ಷರದ ಸಾಲು; ಕೂಡಿದ್ರೆ ಪಕ್ಕಪಕ್ಕ ಅಂಟ್ಕೊಳ್ತದೆ. ಮೊತ್ತ 0 ಇಂದ ಶುರು, 52 ಕಿಲೋ ಚೀಲ ಸೇರಿದ್ರೆ "052". ದರಕ್ಕೆ ಗುಣಿಸುವಾಗ ತಾನೇ ನಂಬರ್ ಆಗ್ತದೆ, ಬಿಲ್ಲು ಸರಿ ಬರ್ತದೆ. ಎರಡನೇ ಚೀಲ 48 ಸೇರ್ಲಿ, "05248"! ಒಂದೇ ಚೀಲ ಇಟ್ಟು ಪರೀಕ್ಷೆ ಮಾಡಿದವ್ರಿಗೆ ಇದು ಕಾಣೋದೇ ಇಲ್ಲ. ಬದಲಿಸೋಕೆ ನಮಗೆ ಮೂರು ವಾರ ಹಿಡೀತು. ಜಾವಾಸ್ಕ್ರಿಪ್ಟ್ ಫೈಲನ್ನೂ ಒಪ್ಪುವ ಸೆಟ್ಟಿಂಗ್ ಹಾಕಿ, ಒಂದೊಂದೇ ಫೈಲು. ಸ್ಟ್ರಿಕ್ಟ್ (ಬಿಗಿ ತಪಾಸಣೆಯ ಸೆಟ್ಟಿಂಗ್) ಕೊನೆಗೆ.

ನಾಯ್ಕ, ಕುಮಟಾ: ಮೂರು ವಾರ ನಮ್ದೂ ಹೋಯ್ತು, ದಂಡ. ಸರ್ವರಿನಿಂದ ದರ ನಲ್ (ಏನೂ ಇಲ್ಲ) ಅಂತ ಬಂತು. ಟೈಪಲ್ಲಿ ನಂಬರ್ ಅಂತ ಬರೆದಿತ್ತು, ಓಡುವಾಗ ಆ ಟೈಪೇ ಉಳಿದಿರೋಲ್ಲ. ದರ ಕ್ವಿಂಟಲಿಗೆ, ತೂಕ ಕಿಲೋದಲ್ಲಿ, ಎರಡೂ ನಂಬರ್ರೇ. 100ರಿಂದ ಭಾಗಿಸೋದು ಬಿಟ್ರೆ ಕಂಪೈಲರ್ (ಟೈಪ್ ತಪಾಸಣೆ ಮಾಡೋ ಪ್ರೋಗ್ರಾಂ) ಚಕಾರ ಎತ್ತೋಲ್ಲ. ಹಿಡಿದದ್ದು ಆರು ಸಾಲಿನ ಟೆಸ್ಟು.

ಹೆಗಡೆ: ನಾಯ್ಕರೆ, ಸರ್ವರಿನ ಮಾಹಿತಿ ಬಿಡಿಸೋ ಜೇಸನ್ ಪಾರ್ಸ್ ಕೊಡೋದು ಎನಿ, ಅಂದ್ರೆ ತಪಾಸಣೆಯೇ ಇಲ್ಲದ ಟೈಪು. ಅದನ್ನ ಹಾಗೇ ಒಳಗೆ ಬಿಟ್ಕೊಂಡು ಟೈಪಿಗೆ ಬಯ್ಯಬೇಡಿ. ಅನ್‌ನೋನ್ (ತಪಾಸಣೆ ಆಗೋತನಕ ಬಳಸೋಕೆ ಬಿಡದ ಟೈಪು) ಅಂತ ಹಿಡೀರಿ, ಬಾಗಿಲಲ್ಲೇ ಝಾಡ್ (ಓಡುವಾಗ ಮಾಹಿತಿ ಪರೀಕ್ಷಿಸೋ ಲೈಬ್ರರಿ) ಹಾಕಿ ತಪಾಸಣೆ ಮಾಡಿ. ಕಿಲೋಗೂ ಕ್ವಿಂಟಲಿಗೂ ಬೇರೆ ಬೇರೆ ಬ್ರಾಂಡೆಡ್ ಟೈಪ್ (ಒಂದರ ಜಾಗಕ್ಕೆ ಇನ್ನೊಂದು ಬಾರದಂತೆ ಗುರುತು ಹಚ್ಚಿದ ನಂಬರು) ಮಾಡಿ.

ನಾಯ್ಕ: ಮಾಡಿದ್ದೆ ಮಾರಾಯ್ರೆ. ಎರಡನ್ನ ಗುಣಿಸಿದ ಕೂಡ್ಲೇ ಬ್ರಾಂಡ್ ಹಾರಿಹೋಗಿ ಬರೀ ನಂಬರ್ ಆಗ್ತದೆ. ನೀವು ಬರೆದು ನೋಡಿಯೇ ಹೇಳ್ತಿರೋದಾ?

ಕಾರವಾರದವ: ನಿಮ್ಮಿಬ್ಬರ ಜಗಳ ಜಾವಾಸ್ಕ್ರಿಪ್ಟಿನ ಸಡಿಲದ್ದು, ಓಡುವಾಗಲೇ ಟೈಪ್ ನೋಡೋ ಡೈನಾಮಿಕ್ ಟೈಪಿಂಗ್‌ದಲ್ಲ. ಪೈಥಾನಲ್ಲಿ "52" + 3 ಅಂದ್ರೆ ಅಲ್ಲೇ ಟೈಪ್‌ಎರರ್. ಟೈಪ್ ಬರೆದಿಡೋ ಹಿಂಟ್ ಬೇಕಾದವ್ರಿಗೆ 2015ರ ಪೈಥಾನ್ 3.5 ಇಂದಲೇ ಉಂಟು.

ಹೆಗಡೆ: ಅದೇ ಪೈಥಾನಲ್ಲಿ "52" * 3 ಎಷ್ಟು? "525252". ಎರರ್ ಇಲ್ಲ. ಹಿಂಟ್ ಬರೆದ್ರೂ ಮೈಪೈ (ಹಿಂಟ್ ತಪಾಸಣೆ ಮಾಡೋ ಪ್ರೋಗ್ರಾಂ) ಓಡಿಸದಿದ್ರೆ ಅದು ಕಾಮೆಂಟಿಗೆ ಸಮ.

ಕಾರವಾರದವ: 2017ರ ಅಧ್ಯಯನ ಓದಿ. ಜಾವಾಸ್ಕ್ರಿಪ್ಟ್ ಪ್ರಾಜೆಕ್ಟುಗಳಲ್ಲಿ ಸರಿಪಡಿಸಿದ್ದ ಬಗ್‌ಗಳಲ್ಲಿ ಫ್ಲೋ (ಅಂಥದೇ ಇನ್ನೊಂದು ಟೈಪ್ ತಪಾಸಣೆ), ಟೈಪ್‌ಸ್ಕ್ರಿಪ್ಟ್ ಹಿಡಿಯಬಹುದಾಗಿದ್ದದ್ದು ಶೇ 15.

ಹೆಗಡೆ: ಶೇ 15 ಕಡಿಮೆಯಾ? ತೂಕದಲ್ಲಿ ಶೇ 15 ಹೊಡೆದ್ರೆ ಸುಮ್ನಿರ್ತೀರಾ?

ನಾಯ್ಕ: ಉಳಿದ 85?

ಶಿರಸಿ, ಪ್ರಶ್ನೆ: ಜಗಳ ಆಮೇಲಾಡಿ. ತೂಕದ ಖಾನೆ ಖಾಲಿ ಬಿಟ್ರೆ ಏನಾಗ್ತದೆ?

ನಾಯ್ಕ: ಖಾಲಿ ಸ್ಟ್ರಿಂಗನ್ನ ನಂಬರ್ ಮಾಡಿದ್ರೆ 0 ಬರ್ತದೆ, ನ್ಯಾನ್ (ಅಂಕಿಯಲ್ಲ ಅನ್ನೋ ಗುರುತು) ಅಲ್ಲ. 0 ಕೂಡ ನಂಬರ್ರೇ, ಹೆಗಡೇರ ಕಂಪೈಲರಿಗೆ ಖುಷಿ. ಪರಿವರ್ತಿಸೋ ಮೊದ್ಲೇ ಟ್ರಿಮ್ ಮಾಡಿ (ಆಚೀಚೆಯ ಖಾಲಿ ಜಾಗ ತೆಗೀರಿ), ಉದ್ದ ಸೊನ್ನೆ ಇದ್ರೆ ಬಿಲ್ಲು ನಿಲ್ಲಿಸಿ.